ಹತ್ತು ಮೀಟರ್ ದೂರದ ಅಂಗಿ ಗುಂಡಿ

ನಮ್ಮ ಮನೆಗೆ ಪಿಸ್ತೂಲು ಬಂದಿದೆ ಎಂದರೆ ಕೇಳಿದವರ ಮುಖ ನೋಡಬೇಕು. ಎದುರು ಮನೆಯಾಕೆ ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನು ಹಾಗೇ ಹಿಡಿದು ನಿಂತುಬಿಟ್ಟರು. ಊರಿನಿಂದ ನನ್ನ ತಮ್ಮ ಫೋನ್ ಮಾಡಿ, “ಏನಕ್ಕಾ, ಬೆಂಗಳೂರಿನಲ್ಲಿ ಕಳ್ಳರ ಕಾಟ ಅಷ್ಟೊಂದು ಜೋರೇ?” ಎಂದ. ಕಳ್ಳರೂ ಇಲ್ಲ, ಕಾಳಗವೂ ಇಲ್ಲ. ಎಂಟನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಪುಟ್ಟಿ ಆಡುವ ಆಟದ ಸಾಮಾನು ಅದು. ಕ್ರಿಕೆಟಿಗೆ ಬ್ಯಾಟ್ ಹೇಗೋ, 10 ಮೀಟರ್ ಏರ್ ಪಿಸ್ತೂಲ್ ಆಟಕ್ಕೆ ಇದು ಹಾಗೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದರಲ್ಲ, ಅದೇ ಆಟ. ಒಂದು ಪದಕ ಒಬ್ಬರೇ ಆಡಿ, ಇನ್ನೊಂದು ಸರಬ್ಜೋತ್ ಸಿಂಗ್ ಜೊತೆ ಸೇರಿ. ಅದನ್ನು ಟೀವಿಯಲ್ಲಿ ನೋಡಿದ ಮೇಲೆ ಪುಟ್ಟಿ ಹಟ ಹಿಡಿದಳು. ನಮ್ಮ ಬಡಾವಣೆಯ ಹತ್ತಿರವೇ ಒಂದು ಶೂಟಿಂಗ್ ರೇಂಜ್ ಇತ್ತು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಕರೆದುಕೊಂಡು ಹೋಗಿ ಬರುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಈ ಸಾಮಾನಿನ ವಿಷಯ ಹೇಳಿಬಿಡುತ್ತೇನೆ. ಇದರಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ, ಹೊಗೆಯಿಲ್ಲ. ನಳಿಗೆಯ ಕೆಳಗೆ ಒಂದು ಸಣ್ಣ ಸಿಲಿಂಡರ್ ಇದೆ. ಅದರೊಳಗೆ 200 ಬಾರ್ ಒತ್ತಡದವರೆಗೆ ಗಾಳಿ ತುಂಬುತ್ತಾರೆ. ಕಾರಿನ ಟಯರಿನಲ್ಲಿ ಇರುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಟ್ರಿಗರ್ ಒತ್ತಿದಾಗ ಆ ಗಾಳಿಯಲ್ಲಿ ಒಂದು ಚಿಟಿಕೆಯಷ್ಟು ಹೊರಬಂದು, ಸುಮಾರು ಅರ್ಧ ಗ್ರಾಂ ತೂಗುವ ಸೀಸದ ಗುಂಡನ್ನು ತಳ್ಳುತ್ತದೆ. ಗುಂಡಿನ ಅಗಲ 4.5 ಮಿ.ಮೀ. ಅದರ ಮೂತಿ ಚಪ್ಪಟೆ. ಹಾಗಾಗಿ ಕಾಗದಕ್ಕೆ ಬಡಿದಾಗ ಆಫೀಸಿನ ಪಂಚಿಂಗ್ ಯಂತ್ರ ಕೊರೆದಂತೆ ದುಂಡನೆಯ ತೂತಾಗುತ್ತದೆ.

ಗುರಿಹಲಗೆ 17 ಸೆಂ.ಮೀ. ಚೌಕದ ಒಂದು ಕಾರ್ಡು. ಅದರ ನಡುವೆ ಸುಮಾರು 6 ಸೆಂ.ಮೀ. ಅಗಲದ ಕಪ್ಪು ವೃತ್ತ. ಆ ಕಪ್ಪಿನ ನಟ್ಟನಡುವೆ ಹತ್ತು ಅಂಕದ ವೃತ್ತ, ಅಗಲ 11.5 ಮಿ.ಮೀ. ನಿಮ್ಮ ಅಂಗಿಯ ಗುಂಡಿಯನ್ನು ಅಳೆದು ನೋಡಿ, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹತ್ತು ಮೀಟರ್ ಆಚೆ ಒಂದು ಅಂಗಿ ಗುಂಡಿ! ಅದಕ್ಕೆ ಒಂದೇ ಕೈಯಲ್ಲಿ, ಎಲ್ಲೂ ಆನಿಸದೆ, ನಿಂತು ಹೊಡೆಯಬೇಕು. ಪಂದ್ಯದಲ್ಲಿ 75 ನಿಮಿಷಕ್ಕೆ 60 ಗುಂಡು.

ಮೊದಲ ಆರು ತಿಂಗಳು ಪುಟ್ಟಿ ರೇಂಜಿನ ಪಿಸ್ತೂಲಿನಲ್ಲೇ ಕಲಿತಳು. ಅದು ದೊಡ್ಡವರ ಅಳತೆಯದು, ತೂಕ ಒಂದು ಕಿಲೋ ಆಸುಪಾಸು. ಒಂದು ಕಿಲೋ ಸಕ್ಕರೆ ಪೊಟ್ಟಣವನ್ನು ಕೈ ನೀಡಿ ಹಿಡಿದು ಇಪ್ಪತ್ತು ಎಣಿಸಿ ನೋಡಿ, ಅವಳ ಕಷ್ಟ ತಿಳಿಯುತ್ತದೆ. ಮೂವತ್ತನೆಯ ಗುಂಡಿನ ಹೊತ್ತಿಗೆ ಅವಳ ಭುಜ ಇಳಿದುಬಿಡುತ್ತಿತ್ತು. ಹಿಡಿ ದೊಡ್ಡದಾದ್ದರಿಂದ ಬೆರಳು ಟ್ರಿಗರನ್ನು ಸರಿಯಾಗಿ ಮುಟ್ಟುತ್ತಲೂ ಇರಲಿಲ್ಲ. ಕೊನೆಗೆ ತರಬೇತುದಾರರೇ, “ಇವಳಿಗೆ ಕಾಂಪ್ಯಾಕ್ಟ್ ಪಿಸ್ತೂಲು ಬೇಕು” ಎಂದರು. ಇದರ ನಳಿಗೆ ಗಿಡ್ಡ, ಸಿಲಿಂಡರೂ ಗಿಡ್ಡ, ತೂಕ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ ಮೂತಿ ಮುಂದಕ್ಕೆ ಜಗ್ಗುವುದಿಲ್ಲ. ಹಿಡಿ ಅಕ್ರೋಟು ಮರದ್ದು, ಚಿಕ್ಕ ಅಳತೆಯದು. ಅದನ್ನೂ ಹಾಗೇ ಬಳಸುವುದಿಲ್ಲ. ದರ್ಜಿ ಅಂಗಿಯನ್ನು ಮೈಗೆ ಹಿಡಿದು ನೋಡುವಂತೆ ತರಬೇತುದಾರರು ಪುಟ್ಟಿಯ ಅಂಗೈಗೆ ಹಿಡಿಯನ್ನು ಕೂರಿಸಿ, ಒತ್ತುವ ಜಾಗವನ್ನು ಮರಳುಕಾಗದದಿಂದ ಉಜ್ಜಿ ಉಜ್ಜಿ ಅರ್ಧ ಗಂಟೆ ಕೂತರು.

ರೇಂಜಿನಲ್ಲಿ ಆಟಕ್ಕಿಂತ ಮೊದಲು ಕಲಿಸುವುದು ಕಟ್ಟುನಿಟ್ಟು. ಪಿಸ್ತೂಲಿನ ಮೂತಿ ಯಾವಾಗಲೂ ಗುರಿಹಲಗೆಯ ಕಡೆಗೇ ಇರಬೇಕು. ಕರೆದರೆಂದು ಪಿಸ್ತೂಲು ಹಿಡಿದು ತಿರುಗುವಂತಿಲ್ಲ. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನಿಂದ ಹೊರಗೆ. ಹೊಡೆಯದಿರುವಾಗ ನಳಿಗೆಯೊಳಗೆ ಬಣ್ಣದ ದಾರ ತೂರಿಸಿರಬೇಕು. ದಾರ ಎರಡೂ ಕಡೆ ಕಂಡರೆ ಒಳಗೆ ಗುಂಡಿಲ್ಲ ಎಂದು ದೂರದಿಂದಲೇ ಎಲ್ಲರಿಗೂ ತಿಳಿಯುತ್ತದೆ. “ಸ್ಟಾಪ್” ಎಂದ ಕೂಡಲೇ ನಿಲ್ಲಬೇಕು, ಬೆರಳು ಅರ್ಧ ಒತ್ತಿದ್ದರೂ ಸರಿ. ಗುಂಡು ಸೀಸದ್ದಾದ್ದರಿಂದ ಕೈ ಸೋಪಿನಲ್ಲಿ ತೊಳೆಯದೆ ಬಿಸ್ಕತ್ತಿನ ಪೊಟ್ಟಣ ಮುಟ್ಟುವಂತಿಲ್ಲ. ಮನೆಯಲ್ಲಿ ಪಿಸ್ತೂಲು ಬೀರುವಿನಲ್ಲಿ, ಗುಂಡುಗಳು ಬೇರೆ ಕಡೆ, ಎರಡಕ್ಕೂ ಬೀಗ. ಕೀಲಿ ಇರುವುದು ಮಗನ ಹತ್ತಿರ. ಪುಟ್ಟಿಗೂ ಇಲ್ಲ, ನನಗೂ ಇಲ್ಲ.

ಒಂದು ಶನಿವಾರ ಬೆಳಗ್ಗೆ ಹೊಸ ಪಿಸ್ತೂಲಿನ ಮೊದಲ ಅಭ್ಯಾಸ. ಪುಟ್ಟಿ ಐದು ಗುಂಡು ಹೊಡೆದಳು. ಏಳು, ಐದು, ಆರು, ಎಂಟು, ನಾಲ್ಕು. ಐವತ್ತಕ್ಕೆ ಮೂವತ್ತು. ಎಲ್ಲವೂ ಎಡಕ್ಕೆ, ಕೆಳಕ್ಕೆ. ಹಳೆಯ ಪಿಸ್ತೂಲಿಗಿಂತಲೂ ಕಡಿಮೆ! ಅವಳ ಮುಖ ಬಾಡಿತು. ಹಿಂದಿನ ಸೈಟಿನಲ್ಲಿ ಗುರಿಯನ್ನು ಅತ್ತಿತ್ತ ಸರಿಸುವ ಸಣ್ಣ ತಿರುಪು ಇರುತ್ತದೆ. ಅದನ್ನು ತಿರುಗಿಸಲು ಕೈ ಹಾಕಿದಳು. ತರಬೇತುದಾರರು ತಡೆದರು.

“ಒಂದು ಗುಂಡು ಹೇಳುವುದು ಗಾಳಿಮಾತು. ಹತ್ತು ಗುಂಡು ಸೇರಿ ಹೇಳಿದರೆ ಅದು ಸಾಕ್ಷಿ. ಮೊದಲು ಎಲ್ಲವೂ ಒಂದೇ ಕಡೆ ಬೀಳಲಿ. ಎಲ್ಲಿ ಬೀಳುತ್ತವೆ ಅನ್ನುವುದನ್ನು ಆಮೇಲೆ ನೋಡೋಣ.”

ಹತ್ತು ಗುಂಡಾಯಿತು. ಅತಿ ದೂರದ ಎರಡು ತೂತುಗಳ ನಡುವೆ ಸ್ಕೇಲಿಟ್ಟು ಅಳೆದರು. 84 ಮಿ.ಮೀ. ಇದನ್ನು ಗ್ರೂಪ್ ಎನ್ನುತ್ತಾರೆ. ಅಂಕಗಳ ಬದಲು ನನ್ನ ನೋಟ್‌ಬುಕ್ಕಿನಲ್ಲಿ ಈ ಸಂಖ್ಯೆ ಬರೆದುಕೊಳ್ಳಲು ಹೇಳಿದರು.

ಪಿಸ್ತೂಲಿನ ಮೇಲೆ ಎರಡು ಸೈಟುಗಳಿವೆ. ಕಣ್ಣಿನ ಹತ್ತಿರದ್ದು ಎರಡು ಗಿಡ್ಡ ಕಂಬಗಳಂತೆ, ನಡುವೆ ಸಂದು. ನಳಿಗೆಯ ತುದಿಯಲ್ಲಿರುವುದು ಒಂಟಿ ಕಡ್ಡಿ. ನೋಡುವಾಗ ಆ ಕಡ್ಡಿ ಎರಡು ಕಂಬಗಳ ನಡುವೆ ನಿಂತ ಹುಡುಗನಂತೆ ಕಾಣಬೇಕು. ಅವನ ಎಡಬಲದ ಬೆಳಕು ಸಮನಾಗಿರಬೇಕು, ತಲೆ ಕಂಬಗಳ ಮಟ್ಟಕ್ಕಿರಬೇಕು. ಈ ಪಿಸ್ತೂಲಿನಲ್ಲಿ ಎರಡು ಸೈಟುಗಳ ನಡುವಿನ ದೂರ 30 ಸೆಂ.ಮೀ.

ಇಲ್ಲಿ ನನ್ನೊಳಗಿನ ಮೇಡಂ ಎದ್ದು ಕೂತಳು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು. ಸಮರೂಪ ತ್ರಿಭುಜಗಳು ನೆನಪಿವೆಯೇ ಮಕ್ಕಳೇ? ಮುಂದಿನ ಕಡ್ಡಿ ಸಂದಿನ ನಡುವಿನಿಂದ ಬರೀ 1 ಮಿ.ಮೀ. ಸರಿದಿದೆ ಎಂದುಕೊಳ್ಳಿ. 30 ಸೆಂ.ಮೀ. ಉದ್ದಕ್ಕೆ 1 ಮಿ.ಮೀ. ತಪ್ಪಾದರೆ 10 ಮೀಟರಿಗೆ ಎಷ್ಟು? 10,000ವನ್ನು 300ರಿಂದ ಭಾಗಿಸಿ. 33 ಮಿ.ಮೀ.! ಹತ್ತು ಅಂಕ ಬರಬೇಕಾದಲ್ಲಿ ಆರು. ಅರ್ಧ ಮಿ.ಮೀ. ತಪ್ಪಿದರೂ ಎಂಟು.

ಈಗ ಇನ್ನೊಂದು ಲೆಕ್ಕ. ಎರಡು ಸೈಟುಗಳೂ ಸರಿಯಾಗಿ ಕೂಡಿವೆ, ಆದರೆ ಕೈ ಇಡಿಯಾಗಿ 5 ಮಿ.ಮೀ. ಪಕ್ಕಕ್ಕೆ ಸರಿದಿದೆ. ಆಗ ಗುಂಡು ಎಷ್ಟು ಸರಿಯುತ್ತದೆ? ಬರೀ 5 ಮಿ.ಮೀ. ಗೆರೆ ಮುಟ್ಟಿದರೂ ದೊಡ್ಡ ಅಂಕವೇ ಕೊಡುವುದು ಈ ಆಟದ ನಿಯಮ, ಆದ್ದರಿಂದ ಅದು ಹತ್ತೇ!

ಈ ಎರಡು ಲೆಕ್ಕಗಳನ್ನು ನೋಟ್‌ಬುಕ್ಕಿನಲ್ಲಿ ಪಕ್ಕಪಕ್ಕ ಬರೆದು ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೈ ಅಲ್ಲಾಡುವುದು ಅಷ್ಟು ದೊಡ್ಡ ತೊಂದರೆಯಲ್ಲ, ಕಣ್ಣ ಮುಂದಿನ ಎರಡು ವಸ್ತುಗಳ ಹೊಂದಾಣಿಕೆ ತಪ್ಪುವುದೇ ದೊಡ್ಡ ತೊಂದರೆ ಎಂದಾಯಿತು.

ಪುಟ್ಟಿ ಚುರುಕು. “ಅಜ್ಜಿ, ಹಾಗಾದ್ರೆ ಉದ್ದದ ಪಿಸ್ತೂಲಿನಲ್ಲಿ ಸೈಟುಗಳು ದೂರ ಇರುತ್ತವೆ, ತಪ್ಪು ಕಡಿಮೆಯಾಗಬೇಕಲ್ವಾ?” ಎಂದಳು. ಸರಿಯಾದ ಮಾತು. 36 ಸೆಂ.ಮೀ. ಇದ್ದರೆ ಅದೇ 1 ಮಿ.ಮೀ.ಗೆ 28 ಮಿ.ಮೀ. ತಪ್ಪಾಗುತ್ತದೆ. ಗಿಡ್ಡ ಪಿಸ್ತೂಲು ಅಷ್ಟರ ಮಟ್ಟಿಗೆ ನಷ್ಟವೇ. ಆದರೆ ಭಾರ ತಡೆಯದೆ ಕೈ ಸೋತರೆ ಆ ಲಾಭ ಉಳಿಯುವುದಿಲ್ಲ. ಅವಳ ಭುಜ ಬಲಿತ ಮೇಲೆ ಉದ್ದದ್ದು ನೋಡಬಹುದು ಎಂದರು ತರಬೇತುದಾರರು.

“ಹೊಡೆಯುವಾಗ ಏನು ನೋಡ್ತೀಯ?” ಎಂದು ಅವರು ಕೇಳಿದರು.

“ಕಪ್ಪು ಚುಕ್ಕೆ” ಎಂದಳು ಪುಟ್ಟಿ. ಹೇಳುವಾಗ ಹೆಮ್ಮೆಯಿತ್ತು. ಯಾಕೆಂದರೆ ದ್ರೋಣರು ಕೇಳಿದಾಗ ಅರ್ಜುನ ಮರವನ್ನೂ ಕಾಣದೆ, ಕೊಂಬೆಯನ್ನೂ ಕಾಣದೆ, ಹಕ್ಕಿಯ ಕಣ್ಣನ್ನು ಮಾತ್ರ ಕಂಡ ಕಥೆಯನ್ನು ಅವಳಿಗೆ ಹೇಳಿದ್ದವಳು ನಾನೇ.

ತರಬೇತುದಾರರು ನಕ್ಕರು. “ಅರ್ಜುನನನ್ನು ಬಾಗಿಲ ಹೊರಗೆ ಚಪ್ಪಲಿ ಜೊತೆ ಬಿಟ್ಟು ಬಾ. ಇಲ್ಲಿ ಹಕ್ಕಿ ಮಸುಕಾಗಿ ಕಾಣಬೇಕು. ಸ್ಪಷ್ಟವಾಗಿ ಕಾಣಬೇಕಾದ್ದು ನಿನ್ನ ಬಾಣದ ತುದಿ.”

ನೀವೂ ಮನೆಯಲ್ಲಿ ಮಾಡಿ ನೋಡಿ. ಗೋಡೆಯ ಕ್ಯಾಲೆಂಡರಿನ ಎದುರು ಹತ್ತು ಹೆಜ್ಜೆ ದೂರ ನಿಂತು, ಕೈ ನೀಡಿ ಹೆಬ್ಬೆರಳೆತ್ತಿ. ಉಗುರನ್ನು ದಿಟ್ಟಿಸಿದರೆ ಕ್ಯಾಲೆಂಡರ್ ಮಸುಕು. ಕ್ಯಾಲೆಂಡರನ್ನು ದಿಟ್ಟಿಸಿದರೆ ಉಗುರು ಮಸುಕು. ಎರಡೂ ಒಟ್ಟಿಗೆ ಸ್ಪಷ್ಟವಾಗುವುದಿಲ್ಲ. ಕಣ್ಣು ಒಂದು ಹೊತ್ತಿಗೆ ಒಂದೇ ದೂರಕ್ಕೆ ಹೊಂದಿಕೊಳ್ಳುತ್ತದೆ. ಕಪ್ಪು ಚುಕ್ಕೆಯನ್ನು ದಿಟ್ಟಿಸಿದಾಗ ಮುಂದಿನ ಕಡ್ಡಿ ಮಸುಕಾಗಿ, ಅದು ಅರ್ಧ ಮಿ.ಮೀ. ಜಾರಿದ್ದು ಪುಟ್ಟಿಗೆ ಕಾಣುತ್ತಲೇ ಇರಲಿಲ್ಲ.

ಹೇಳಿದ ಮಾತ್ರಕ್ಕೆ ಅಭ್ಯಾಸ ಬಿಡುತ್ತದೆಯೇ? ಕಣ್ಣು ಮತ್ತೆ ಮತ್ತೆ ಕಪ್ಪಿನ ಕಡೆಗೇ ಓಡುತ್ತಿತ್ತು. ಆಗ ತರಬೇತುದಾರರು ಕಾರ್ಡನ್ನು ಹಿಂದುಮುಂದಾಗಿ ಸಿಕ್ಕಿಸಿದರು. ಎದುರಿಗೆ ಬರೀ ಬಿಳಿ ಕಾಗದ. ಕಪ್ಪಿಲ್ಲ, ವೃತ್ತವಿಲ್ಲ, ಅಂಕವಿಲ್ಲ. “ಈಗ ನೋಡಲು ನಿನ್ನ ಕಡ್ಡಿ ಬಿಟ್ಟರೆ ಬೇರೇನೂ ಇಲ್ಲ. ಅದು ಸಂದಿನಲ್ಲಿ ಸರಿಯಾಗಿ ಕೂತಾಗ ಟ್ರಿಗರನ್ನು ನಿಧಾನವಾಗಿ ಒತ್ತು. ಗುಂಡು ಹೋದ ಮೇಲೂ ಒಂದು, ಎರಡು ಎಣಿಸುವವರೆಗೆ ಕಡ್ಡಿಯನ್ನೇ ನೋಡುತ್ತಿರು. ಎಲ್ಲಿ ಬಿತ್ತು ಎಂದು ಇಣುಕಬೇಡ.”

ಹತ್ತು ಗುಂಡು. ಅಳೆದರೆ 51 ಮಿ.ಮೀ.! ಗುರಿಯೇ ಇಲ್ಲದ ಕಾಗದದ ಮೇಲೆ ಗುಂಡುಗಳು ಒಂದರ ಹತ್ತಿರ ಒಂದು ಬಿದ್ದಿದ್ದವು. ಪುಟ್ಟಿ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಆಮೇಲೆ ತಿರುಪಿನ ಸರದಿ. ಗುಂಡುಗಳು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಆ ಕಡೆ ಸರಿಸಬೇಕು. ಎಡಕ್ಕೆ, ಕೆಳಕ್ಕೆ ಬೀಳುತ್ತಿದ್ದರಿಂದ ಬಲಕ್ಕೆ ಒಂದಿಷ್ಟು, ಮೇಲಕ್ಕೆ ಒಂದಿಷ್ಟು. ಕಾರ್ಡನ್ನು ನೆಟ್ಟಗೆ ಮಾಡಿ ಮತ್ತೆ ಹತ್ತು ಗುಂಡು. ಗ್ರೂಪ್ 56 ಮಿ.ಮೀ., ನೂರಕ್ಕೆ 83. ಕಪ್ಪು ಮತ್ತೆ ಕಂಡಿದ್ದಕ್ಕೆ ಕಣ್ಣು ಸ್ವಲ್ಪ ಆಸೆಪಟ್ಟಿದೆ ಎಂದರು ತರಬೇತುದಾರರು.

ಇಲ್ಲಿಗೆ ಪುಟ್ಟಿಯ ಕಥೆ ಮುಗಿಯಬೇಕಿತ್ತು. ಆದರೆ ಆ ಎರಡು ಲೆಕ್ಕಗಳು ನನ್ನನ್ನು ಬಿಡಲಿಲ್ಲ.

ಮೂರು ವರ್ಷಗಳಿಂದ ನನ್ನ ಬಲಗೈ ನಡುಗುತ್ತದೆ. ಕೈಯಲ್ಲಿ ಏನಾದರೂ ಹಿಡಿದು ಮುಂದೆ ಚಾಚಿದರೆ ನಡುಕ ಹೆಚ್ಚು. ನಮ್ಮ ತಂದೆಗೂ ಹೀಗೇ ಇತ್ತು. ಡಾಕ್ಟರು ಪರೀಕ್ಷೆ ಮಾಡಿ, ಇದಕ್ಕೆ ಎಸೆನ್ಷಿಯಲ್ ಟ್ರೆಮರ್ ಎನ್ನುತ್ತಾರೆ, ಮನೆತನದಲ್ಲಿ ಬರುವುದುಂಟು, ಗಾಬರಿ ಬೇಡ ಎಂದಿದ್ದಾರೆ. ಗಾಬರಿಯೇನೂ ಇಲ್ಲ. ಆದರೆ ಮನೆಯಲ್ಲಿ ಒಂದೊಂದೇ ಕೆಲಸ ನನ್ನ ಕೈಯಿಂದ ಜಾರಿತು. ಬಂದವರಿಗೆ ಕಾಫಿ ಕೊಡಲು ಹೋದರೆ ಸೊಸೆ ಓಡಿಬಂದು ತಟ್ಟೆ ತೆಗೆದುಕೊಳ್ಳುತ್ತಾಳೆ. ಸೂಜಿಗೆ ದಾರ ಪೋಣಿಸುವುದು ಮಗನ ಪಾಲಾಯಿತು. ಹಬ್ಬದ ರಂಗೋಲಿ ಪುಟ್ಟಿಯ ಪಾಲಾಯಿತು. “ಅಮ್ಮಾ, ನೀವು ಕೂತ್ಕೊಳ್ಳಿ.” ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ದಿನಕ್ಕೆ ನಾಲ್ಕು ಸಲ ಪ್ರೀತಿಯಿಂದ ಕೂರಿಸಿದರೆ ಮನುಷ್ಯ ಏಳುವುದನ್ನೇ ಮರೆಯುತ್ತಾನೆ. ವಯಸ್ಸಾದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಾನು ತರಬೇತುದಾರರನ್ನು ಕೇಳಿದೆ: “ನಡುಗುವ ಕೈಗೂ ಈ ಲೆಕ್ಕ ಅನ್ವಯಿಸುತ್ತದೆಯೇ?”

“ನಡುಗದ ಕೈ ನಾನು ನೋಡೇ ಇಲ್ಲ ಅಮ್ಮಾ. ಒಲಿಂಪಿಕ್ಸ್ ಆಡುವವರ ಕೈಯೂ ತೂಗುತ್ತಿರುತ್ತದೆ. ಅವರದು ಸಣ್ಣ ತೂಗಾಟ, ನಿಮ್ಮದು ದೊಡ್ಡದು. ಬನ್ನಿ, ನೋಡೇಬಿಡೋಣ” ಎಂದರು.

ಮೊದಲು ಮರಳಿನ ಚೀಲದ ಮೇಲೆ ಕೈ ಆನಿಸಿ ಹೊಡೆಸಿದರು. ಕೈಗಿಂತ ಮೊದಲು ತೊಡಕಾದದ್ದು ಕಣ್ಣು. ದೂರ ನೋಡುವ ಕನ್ನಡಕದಲ್ಲಿ ಕಡ್ಡಿ ಮಸುಕು, ಓದುವ ಕನ್ನಡಕದಲ್ಲಿ ಎಲ್ಲವೂ ಮಸುಕು. ನಮ್ಮ ವಯಸ್ಸಿನಲ್ಲಿ ಕಣ್ಣಿನ ಮಸೂರ ಗಟ್ಟಿಯಾಗಿ ಬೇಕಾದ ದೂರಕ್ಕೆ ಹೊಂದಿಕೊಳ್ಳುವುದಿಲ್ಲ. ಆ ದಿನ ಹಾಗೇ ಸುಧಾರಿಸಿದೆ. ಮುಂದಿನ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ತೋಳಿನುದ್ದದ ವಸ್ತು ಸ್ಪಷ್ಟವಾಗಿ ಕಾಣುವ ಕನ್ನಡಕ ಬರೆಸಿಕೊಂಡು ಬಂದೆ. ಆಮೇಲೆ ಚೀಲ ತೆಗೆದು, ಬರೀ ಕೈಯಲ್ಲಿ, ಬಿಳಿ ಕಾರ್ಡಿನ ಮೇಲೆ ಹತ್ತು ಗುಂಡು. ಗ್ರೂಪ್ 118 ಮಿ.ಮೀ. ಹೆಮ್ಮೆಪಡುವ ಸಂಖ್ಯೆಯಲ್ಲ. ಆದರೆ ಹತ್ತಕ್ಕೆ ಹತ್ತೂ ಕಾರ್ಡಿನ ಮೇಲಿದ್ದವು!

ಮನೆಗೆ ಬಂದು ಪುಟ್ಟಿ ಹೇಳಿದ ರೀತಿಗೆ ಮಗ, ನಾನೇ ಒಲಿಂಪಿಕ್ಸ್‌ಗೆ ಹೊರಟೆ ಎಂದುಕೊಂಡ.

ನನಗಿಂತ ದೊಡ್ಡ ಉದಾಹರಣೆಗಳು ಈ ಆಟದಲ್ಲಿ ಬೇಕಾದಷ್ಟಿವೆ. ಉತ್ತರಪ್ರದೇಶದ ಬಾಗ್‌ಪತ್ ಜಿಲ್ಲೆಯ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಅರವತ್ತು ದಾಟಿದ ಮೇಲೆ, 1999ರಲ್ಲಿ, ಮೊಮ್ಮಗಳ ಜೊತೆ ರೇಂಜಿಗೆ ಹೋದವರು. ಮೊಮ್ಮಗಳ ಪಿಸ್ತೂಲನ್ನು ತಾವೇ ಕೈಗೆತ್ತಿಕೊಂಡು ಹೊಡೆದರು, ಗುರಿಗೆ ಬಿತ್ತು. ಆಮೇಲೆ ಅವರೂ ಅವರ ವಾರಗಿತ್ತಿ ಪ್ರಕಾಶಿ ತೋಮರ್ ಅವರೂ ಎಷ್ಟೋ ಪಂದ್ಯ ಗೆದ್ದರು. ಚಂದ್ರೋ 2021ರಲ್ಲಿ ತೀರಿಕೊಳ್ಳುವವರೆಗೂ ದೇಶವೆಲ್ಲ ಅವರನ್ನು ಶೂಟರ್ ದಾದಿ ಎಂದೇ ಕರೆಯುತ್ತಿತ್ತು. ಹಂಗೇರಿಯ ಸೈನಿಕ ಕಾರೊಲಿ ಟಕಾಚ್ 1938ರಲ್ಲಿ ಕೈಬಾಂಬು ಸಿಡಿದು ಬಲಗೈ ಕಳೆದುಕೊಂಡರು. ಯಾರಿಗೂ ಹೇಳದೆ ಎಡಗೈಯಲ್ಲಿ ಕಲಿತು 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ಪಿಸ್ತೂಲಿನಲ್ಲಿ ಚಿನ್ನ ಗೆದ್ದರು. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರಿಗೆ 2013ರಲ್ಲಿ ಮುಖದ ಒಂದು ಪಕ್ಕದ ನರ ಸೋತಿತು. ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು.

ಮೂರು ತಿಂಗಳಾಯಿತು. ದಿನಾ ಸಂಜೆ ಮಗ ಬೀರು ತೆಗೆದುಕೊಟ್ಟ ಮೇಲೆ, ಅವನ ಎದುರಿಗೇ, ಗುಂಡಿಲ್ಲದ ಪಿಸ್ತೂಲು ಹಿಡಿದು ನಾನೂ ಪುಟ್ಟಿಯೂ ಬಿಳಿ ಗೋಡೆಯ ಮುಂದೆ ಹದಿನೈದು ನಿಮಿಷ ನಿಲ್ಲುತ್ತೇವೆ. ಟ್ರಿಗರ್ ಬಿಟ್ಟ ಕ್ಷಣದಲ್ಲಿ ಕಡ್ಡಿ ಹಾರಿತೇ, ಇದ್ದಲ್ಲೇ ಇತ್ತೇ ಎಂದು ನೋಡುವುದಷ್ಟೇ ಕೆಲಸ. ಸೊಸೆಗೆ ಇದು ಪೂಜೆಯ ಹಾಗೆ ಕಾಣುತ್ತದಂತೆ, ಟೀವಿ ಶಬ್ದ ತಗ್ಗಿಸುತ್ತಾಳೆ.

ಈ ಅಭ್ಯಾಸದಲ್ಲಿ ನನಗೆ ಬಹಳ ಹಿಡಿಸಿದ ನಿಯಮ ಒಂದಿದೆ. ಪಿಸ್ತೂಲು ಎತ್ತಿ ಎಂಟು ಹತ್ತು ಸೆಕೆಂಡಿನೊಳಗೆ ಕಡ್ಡಿ ಸರಿಯಾಗಿ ಕೂರದಿದ್ದರೆ ಹೊಡೆಯಬಾರದು. ಕೈ ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತಬೇಕು. ಇಳಿಸಿದ್ದು ಸೋಲಲ್ಲ, ಅದಕ್ಕೆ ಅಂಕವೂ ಕಳೆಯುವುದಿಲ್ಲ. ಪುಟ್ಟಿಗೆ ಇದು ಎಲ್ಲಕ್ಕಿಂತ ಕಷ್ಟ. ಎತ್ತಿದ ಮೇಲೆ ಹೊಡೆದೇ ತೀರಬೇಕು ಎನ್ನುವ ವಯಸ್ಸು ಅವಳದು. ನನಗೆ ಇದು ಸುಲಭ. ಅರವತ್ತಾರು ವರ್ಷದಲ್ಲಿ ಎಷ್ಟೋ ಎತ್ತಿ ಇಳಿಸಿದ್ದೇನೆ. ಇದೊಂದರಲ್ಲಿ ಮಾತ್ರ ಅವಳು ನನ್ನನ್ನು ನೋಡಿ ಕಲಿಯುತ್ತಾಳೆ.

ಕೈ ನಡುಕ ಹೋಗಿದೆಯೇ ಎಂದು ಕೇಳುತ್ತಾರೆ. ಇಲ್ಲ, ಇದ್ದಷ್ಟೇ ಇದೆ. ಅದಕ್ಕೆ ಔಷಧಿ ಹೇಳುವವರು ಡಾಕ್ಟರು, ಪಿಸ್ತೂಲಲ್ಲ. ನಾನು ನಡುಕ ನಿಲ್ಲಲಿ ಎಂದು ಕಾಯುವುದನ್ನು ಬಿಟ್ಟೆ, ಅಷ್ಟೆ. ಈಗ ಕಾಫಿ ಲೋಟಕ್ಕೆ ಮುಕ್ಕಾಲು ಮಾತ್ರ ಸುರಿದು ನಾನೇ ಒಯ್ಯುತ್ತೇನೆ. ಸೊಸೆ ಎದ್ದರೆ ಪುಟ್ಟಿಯೇ ಅವಳ ಸೆರಗು ಹಿಡಿದು ಕೂರಿಸುತ್ತಾಳೆ.

ನೋಟ್‌ಬುಕ್ಕಿನಲ್ಲಿ ಎರಡು ಸಾಲುಗಳಿವೆ. ಪುಟ್ಟಿಯದು 84ರಿಂದ ಶುರುವಾಗಿ ಕಳೆದ ವಾರ 38ಕ್ಕೆ ಬಂದಿದೆ. ನನ್ನದು 118ರಿಂದ 79. ನಡುವೆ ಎರಡು ವಾರ ನನ್ನದು 90 ದಾಟಿ ಮತ್ತೆ ಇಳಿಯಿತು, ಅದನ್ನೂ ಹಾಗೇ ಬರೆದಿದ್ದೇನೆ. ಇದೇ ವೇಗದಲ್ಲಿ ಹೋದರೆ ಅವಳು ಮೊದಲ ದಿನ ಬಿಳಿ ಕಾರ್ಡಿನ ಮೇಲೆ ಮಾಡಿದ 51ನ್ನು ನಾನು ಯಾವಾಗ ಮುಟ್ಟುತ್ತೇನೆ ಎಂದು ಪುಟ್ಟಿ ಲೆಕ್ಕ ಹಾಕಿಕೊಟ್ಟಿದ್ದಾಳೆ. ಉತ್ತರ ಮುಂದಿನ ಯುಗಾದಿಯೊಳಗೆ ಎಂದು ಬಂದಿದೆ. ಲೆಕ್ಕವನ್ನು ನಾನು ಎರಡು ಸಲ ತಾಳೆ ನೋಡಿದೆ. ಸರಿಯಾಗಿದೆ.